ಬಾಲವನದ ಅಂಗಳ ಊರಿನದಾಗಲಿ

ಅಕ್ಟೋಬರ್ 10 ಶಿವರಾಮ ಕಾರಂತರು ಹುಟ್ಟಿದ ದಿನ. ಪುತ್ತೂರು ಪರ್ಲಡ್ಕದ ಬಾಲವನದಲ್ಲಿ ಅಂದು ಜನ ಸೇರುತ್ತಾರೆ. ಕಾರಂತರು ಬಾಳಿದ ಮನೆ ಈಗ ಸ್ಮಾರಕ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಗೌರವ ಅವರಿಗೆ ರುಚಿಸುತ್ತಿತ್ತು ಎಂದು ನಮಗನಿಸುವುದಿಲ್ಲ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದವರು. ಕೈಗಾ ಅಣುಸ್ಥಾವರ ಬೇಡವೆಂದು ಹೋರಾಡಿ, ಎಂಬತ್ತು ದಾಟಿದ ಮೇಲೆ, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತವರು. ಇದೇ ಕಾರಂತರು ಈ ಅಂಗಳದಲ್ಲಿ ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಜತೆ ಸೇರಿ ಊರಲ್ಲಿ ದಸರಾ ನಾಡಹಬ್ಬ ನಡೆಸಿದರು. ಕಲೆಗೂ ಊರಿನ ಉಸಾಬರಿಗೂ ನಡುವೆ ಅವರು ಗೆರೆ ಎಳೆದವರಲ್ಲ.

ಹಾಗಾಗಿ ಆ ದಿನ ಭಾಷಣ ಕಡಿಮೆಯಾಗಲಿ (ಹಾರ-ತುರಾಯಿ ಅಂತೂ ಬೇಡವೇ ಬೇಡ), ಚೆಂಡೆಗೆ ಜಾಗ ಸಿಗಲಿ. ಸುಳ್ಯ, ಕಡಬದ ಮಕ್ಕಳೂ ಬರಲಿ. ಕುಮಾರಧಾರಾ ನದಿಯ ಚಿತ್ರ ಬಿಡಿಸಲು ಕೂತ ಹುಡುಗಿ ಮಳೆಗಾಲದ ನೀರಿಗೆ ನೀಲಿ ಹಚ್ಚುತ್ತಾಳೋ, ಕೆಮ್ಮಣ್ಣಿನ ಬಣ್ಣವೋ? ಜನಪ್ರತಿನಿಧಿಗಳು ಮುಂದಿನ ಸಾಲಿನ ಸೋಫಾ ಬಿಟ್ಟು, ಅವಳ ಪಕ್ಕದ ಚಾಪೆಯಲ್ಲಿ ಕೂತು ನೋಡಲಿ.