ನೀರು ಬಂದರೂ ಬದಲಾಗದ ಊರು

ಮಂಡ್ಯ ಸೀಮೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ವರ್ಷಗಳೇ ಕಳೆದಿದ್ದವು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿನ ಎರಡು ಹಳ್ಳಿಗಳ ಅಧ್ಯಯನಕ್ಕೆ ತೊಡಗಿದರು. ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡರಲ್ಲೂ ಪಳಗಿದವರು ಅವರು. ನಿಜವಾದ ಹೆಸರು ಮರೆಸಿ ಒಂದೂರನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲದ ಗದ್ದೆಗಳಿಗೆ ನೀರು ಸಿಕ್ಕಿತು, ಕಬ್ಬು ಬಂತು, ರೈತರ ಕೈಯಲ್ಲಿ ಹಣ ಓಡಾಡಿತು. ದಲೇನದ ಹೊಲಗಳು ಖುಷ್ಕಿಯಾಗಿಯೇ ಉಳಿದವು. ಅಲ್ಲಿನವರು ಪೇಟೆಯ ಕೆಲಸ, ವ್ಯಾಪಾರ ಅಂತ ಹೊರಗೆ ದಾರಿ ಹುಡುಕಿಕೊಂಡರು. ದಲಿತ ಕುಟುಂಬಗಳು ತಲೆಮಾರುಗಳಿಂದ ಒಕ್ಕಲಿಗರ ಮನೆಗಳಿಗೆ ದುಡಿಯುತ್ತಿದ್ದ ಕಟ್ಟುಪಾಡು ಸಡಿಲವಾದದ್ದು ಈ ನೀರಿಲ್ಲದ ದಲೇನದಲ್ಲಿ. ವಂಗಲದಲ್ಲಿ ಅದು ಬಹುಮಟ್ಟಿಗೆ ಹಾಗೇ ಉಳಿಯಿತು.

ಆದಾಯವನ್ನಷ್ಟೇ ಲೆಕ್ಕ ಹಾಕಿದ್ದರೆ ವಂಗಲವೇ ಗೆದ್ದ ಊರು. ಯಾರು ಯಾರ ಹೊಲಕ್ಕೆ, ಯಾವ ಋಣಕ್ಕೆ ಕಟ್ಟುಬಿದ್ದು ಹೋಗುತ್ತಾರೆ ಎಂದು ನೋಡಿದ್ದರಿಂದಲೇ ಬೇರೆ ಚಿತ್ರ ಕಂಡಿತು.

ಹಾಗೆಂದು ಊರಲ್ಲಿ ಕುಳಿತು ನೋಡಿದರೆ ಎಲ್ಲವೂ ಕಾಣುತ್ತದೆ ಎಂದಲ್ಲ. 1948ರಲ್ಲಿ ಮೈಸೂರಿನ ಹತ್ತಿರದ ‘ರಾಂಪುರ’ದಲ್ಲಿ ನೆಲೆಸಿದ ಎಂ.ಎನ್. ಶ್ರೀನಿವಾಸ್ ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ಸಮಾಜಶಾಸ್ತ್ರಕ್ಕೆ ಕೊಟ್ಟರು. ಭೂಮಿ, ಜನಬಲ, ಅಧಿಕಾರ ಒಂದೇ ಜಾತಿಯ ಕೈಸೇರುವುದನ್ನು ಅದು ವಿವರಿಸುತ್ತದೆ. ಆದರೆ ತಾವು ಊರನ್ನು ಮೇಲ್ಜಾತಿಯವರ ನಡುವಿನಿಂದ ನೋಡಿದ್ದಾಗಿ ಅವರೇ ನಂತರ ಒಪ್ಪಿಕೊಂಡರು. ಭಾರತದ ಸಮಾಜವಿಜ್ಞಾನಗಳೇ ಎಷ್ಟು ಸಮಾನತೆ ಪಾಲಿಸುತ್ತಿವೆ ಎಂದು ರಾಜಕೀಯ ಚಿಂತಕ ಗೋಪಾಲ್ ಗುರು 2002ರಲ್ಲಿ ಕೇಳಿದ ಪ್ರಶ್ನೆಯ ಹಿಂದೆ ಈ ಇತಿಹಾಸವಿದೆ.

ನಮ್ಮ ಸರ್ಕಾರಗಳು ಬೇಗ ಕಿವಿಗೊಡುವುದು ಸೂಚ್ಯಂಕಕ್ಕೆ. ಅದೇ 2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ಕರ್ನಾಟಕದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಪ್ರಾದೇಶಿಕ ಅನ್ಯಾಯದ ಮಾತಿಗೆ ಆಧಾರ ಒದಗಿಸಿದ ದೊಡ್ಡ ಕೆಲಸವದು. ಆದರೆ ಅಲ್ಲಿ ಅಳತೆಯ ಘಟಕ ತಾಲ್ಲೂಕು. ಮುಂದುವರಿದ ತಾಲ್ಲೂಕಿನ ಹಿಂದುಳಿದ ಕೇರಿ ಆ ಪಟ್ಟಿಯಲ್ಲಿ ಬರುವುದಿಲ್ಲ.

ಸಂಖ್ಯೆಗೂ ಒಳಗಣ್ಣು ಇರಬಲ್ಲದು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಸಂದರ್ಶನದ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಕಡಿಮೆ ಇತ್ತು. 2007ರಲ್ಲಿ ಪ್ರಕಟವಾದ ಈ ಅಧ್ಯಯನ, ಪ್ರತಿಭೆಯೊಂದೇ ಸಾಕು ಎನ್ನುವವರು ಓದಲೇಬೇಕಾದದ್ದು.

ಶಾಸ್ತ್ರಗಳ ನಡುವಿನ ಬೇಲಿಗಳನ್ನು ಅಂಬೇಡ್ಕರ್ ಒಪ್ಪಿರಲಿಲ್ಲ. 1916ರಲ್ಲಿ ಕೊಲಂಬಿಯಾದ ಮಾನವಶಾಸ್ತ್ರ ಗೋಷ್ಠಿಯಲ್ಲಿ, ಒಳಮದುವೆಯೇ ಜಾತಿಯ ಬೇರು, ಅದು ಹೆಣ್ಣಿನ ಮೇಲಿನ ಹಿಡಿತದಿಂದ ಉಳಿಯುತ್ತದೆ ಎಂದು ವಾದಿಸಿದರು. ಎರಡೇ ವರ್ಷದಲ್ಲಿ ಸಣ್ಣ ಹಿಡುವಳಿಗಳ ಅರ್ಥಶಾಸ್ತ್ರ ಬರೆದರು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಮದುವೆ, ಜಮೀನು, ಕಾನೂನು ಮೂರೂ ಒಂದೇ ವಿಚಾರದ ಭಾಗಗಳಾಗಿದ್ದವು. ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ವಿಚಾರ ಸಂಕಿರಣ.

ಈ ವಿಭಾಗಗಳು ಒಟ್ಟಿಗೆ ಕೂತು ಓದಬೇಕಾದ ದತ್ತಾಂಶವೂ ಇದೆ. ಕರ್ನಾಟಕ 2015ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಸಿತು. 2025ರಲ್ಲಿ ಮತ್ತೊಂದಕ್ಕೆ ಕೈಹಾಕಿತು. ಚರ್ಚೆಯೆಲ್ಲ ಯಾವ ಜಾತಿ ಎಷ್ಟು ಎಂಬಲ್ಲೇ ಸುತ್ತುತ್ತಿದೆ. ಕುಟುಂಬಗಳ ಗುರುತು ಅಳಿಸಿ ಈ ದತ್ತಾಂಶವನ್ನು ಸರ್ಕಾರ ಎಲ್ಲ ಶಿಸ್ತುಗಳ ಸಂಶೋಧಕರಿಗೂ ತೆರೆದಿಡಬೇಕು. ಅಂಕಿ ಹಿಡಿದು ಕೇರಿಗೆ ಹೋಗಿ ಕೂತು ಮಾತಾಡುವವರಿಗೆ, ಮುಖ್ಯವಾಗಿ ಆ ಕೇರಿಗಳಿಂದಲೇ ಬಂದ ಸಂಶೋಧನಾ ವಿದ್ಯಾರ್ಥಿಗಳಿಗೆ, ಅದರ ಜೊತೆಗೆ ಹಣವನ್ನೂ ಒದಗಿಸಬೇಕು.