ಹೊಸ ಆಟಗಳು ಮತ್ತು ಪಾತ್ರದ ಹೊಣೆ

ಕನ್ನಡದಲ್ಲಿ ‘ಆಟ’ ಎಂಬ ಪದಕ್ಕೆ ಎರಡು ಅರ್ಥಗಳು ಬಹುಕಾಲದಿಂದ ಜೊತೆಯಾಗಿಯೇ ನಡೆದುಬಂದಿವೆ. ಮಕ್ಕಳು ಶಾಲೆಯ ಬಯಲಿನಲ್ಲಿ ಓಡಾಡಿ ನಲಿಯುವುದೂ ಆಟವೇ. ಹಿರಿಯರು ಬಣ್ಣ ಹಚ್ಚಿ, ಕಿರೀಟ ಧರಿಸಿ, ಬೆಳಗಿನ ಜಾವದವರೆಗೆ ರಂಗದ ಮೇಲೆ ನಿಲ್ಲುವುದೂ ಆಟವೇ. ಈಗ ಈ ಪದಕ್ಕೆ ಮೂರನೆಯದೊಂದು ಅರ್ಥವೂ ಕೂಡಿಕೊಂಡಿದೆ. ದೂರದೂರದ ಸಾವಿರಾರು ಜನರು ಗಣಕಯಂತ್ರದ ಮೂಲಕವೋ ಮೊಬೈಲಿನ ಮೂಲಕವೋ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ ಒಟ್ಟಾಗಿ ಆಡುವ ಅಂತರಜಾಲದ ಪಾತ್ರದಾಟವೇ ಅದು. ಹಂದನಕೆರೆಯಂತಹ ಹೋಬಳಿ ಕೇಂದ್ರದ ಮಕ್ಕಳಿಗೂ ಇದರ ಪರಿಚಯವಾಗಿರುವ ಈ ದಿನಗಳಲ್ಲಿ, ಹಿರಿಯರ ನಡುವೆ ‘ಇದು ಕಾಲಹರಣ’ ಎಂಬ ಒಂದೇ ಮಾತು ಕೇಳಿಬರುತ್ತಿದೆ. ಆದರೆ ಮಕ್ಕಳ ಮನಸ್ಸನ್ನು ಇಷ್ಟು ಬಲವಾಗಿ ಸೆಳೆಯುವ ವಸ್ತುವಿನಲ್ಲಿ ಇರುವುದಾದರೂ ಏನು, ಹೊಸದೊಂದು ಆಟ ಚೆನ್ನಾಗಿದೆ ಎಂದು ಅನ್ನಿಸುವುದು ಯಾವುದರಿಂದ ಎಂಬುದನ್ನು ವಿಚಾರಿಸದೆ ನೀಡುವ ತೀರ್ಪು ನ್ಯಾಯವಾದ ತೀರ್ಪಾಗಲಾರದು.

ಈ ಪ್ರಶ್ನೆಗೆ ಉತ್ತರವನ್ನು ಅರಸಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಮೂಡಲಪಾಯದ ಬಯಲಾಟವನ್ನೂ, ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚೆನ್ನಬಸವೇಶ್ವರ ನಾಟಕ ಸಂಘವನ್ನೂ ಕಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಕಟ್ಟುವ ಬಗೆಯನ್ನು ಒಮ್ಮೆ ನೆನೆದರೆ ಸಾಕು. ಊರಿನವರೇ ಪಾತ್ರಗಳನ್ನು ಹಂಚಿಕೊಳ್ಳುತ್ತಾರೆ. ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ವಂತಿಗೆ ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿಯ ಹೊತ್ತು ತಾಲೀಮು ನಡೆಸುತ್ತಾರೆ. ಹಗಲೆಲ್ಲ ತೋಟದಲ್ಲಿ ಕಾಯಿ ಸುಲಿದ ಕೈಗೆ ರಾತ್ರಿ ಗದೆ ಬರುತ್ತದೆ. ಶಕುನಿಯ ಪಾತ್ರಧಾರಿ ಒಂದು ರಾತ್ರಿ ತಾಲೀಮಿಗೆ ಬಾರದಿದ್ದರೆ ದುರ್ಯೋಧನನ ಸೀನು ಮುಂದಕ್ಕೆ ಸಾಗುವುದಿಲ್ಲ. ಆಗ ಅವನ ಮನೆಯ ಬಾಗಿಲಿಗೆ ಜನ ಹೋಗುತ್ತಾರೆ. ‘ನೀನಿಲ್ಲದೆ ಆಟ ನಿಂತಿದೆ’ ಎಂದು ಊರು ಒಬ್ಬ ಸಾಮಾನ್ಯ ಗೃಹಸ್ಥನಿಗೆ ಹೇಳುವ ಮಾತಿನಲ್ಲಿ ಎಷ್ಟು ದೊಡ್ಡ ಗೌರವವಿದೆ ಎಂಬುದನ್ನು ಬಣ್ಣ ಹಚ್ಚಿದವರೆಲ್ಲರೂ ಬಲ್ಲರು. ಪಾತ್ರದಾಟದ ಸವಿಯ ಮೂಲ ಇಲ್ಲಿದೆ. ತನ್ನ ಗೈರುಹಾಜರಿಯನ್ನು ಇತರರು ಗಮನಿಸುವಂತಹ ಒಂದು ಸ್ಥಾನ ಮನುಷ್ಯನಿಗೆ ಬೇಕು. ಅಂತಹ ಸ್ಥಾನವನ್ನು ಕೊಡಬಲ್ಲ ಆಟವೇ ಉತ್ತಮವಾದ ಆಟ.

ಈ ಯಂತ್ರದ ಆಟಗಳ ಚರಿತ್ರೆಯೂ ಇದೇ ಮಾತನ್ನು ಸಮರ್ಥಿಸುತ್ತದೆ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ‘ಮಡ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಕೋಣೆ, ಕಾಡು, ಕತ್ತಿ ಎಲ್ಲವೂ ಬರಿಯ ಅಕ್ಷರಗಳಲ್ಲಿ ತೋರುತ್ತಿದ್ದವು. ಆದರೂ ಒಂದೇ ಲೋಕದಲ್ಲಿ ಹಲವರು ಏಕಕಾಲಕ್ಕೆ ಇರುವುದು ಅದರಿಂದ ಸಾಧ್ಯವಾಯಿತು, ಜನ ಮುಗಿಬಿದ್ದು ಆಡಿದರು. ಅನಂತರ ೧೯೯೭ರಲ್ಲಿ ‘ಅಲ್ಟಿಮಾ ಆನ್‌ಲೈನ್’, ೧೯೯೯ರಲ್ಲಿ ‘ಎವರ್‌ಕ್ವೆಸ್ಟ್’, ೨೦೦೪ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದವು. ಕೊನೆಯದಕ್ಕೆ ೨೦೧೦ರ ಹೊತ್ತಿಗೆ ಚಂದಾದಾರರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷ ಮುಟ್ಟಿತ್ತು. ೨೦೨೦ರಲ್ಲಿ ಭಾರತ ಸರ್ಕಾರ ನಿಷೇಧಿಸಿದ ಪಬ್ಜಿಯಂತಹ ಆಟಗಳಿಗೂ ಇವಕ್ಕೂ ಭೇದವುಂಟು. ಅಲ್ಲಿ ಅರ್ಧ ಗಂಟೆಯೊಳಗೆ ಕಾಳಗ ಮುಗಿದು ಮತ್ತೆ ಮೊದಲಿನಿಂದ ಆರಂಭ. ಇಲ್ಲಿ ಲೋಕ ನಿಂತೇ ಇರುತ್ತದೆ, ಧರಿಸಿದ ಪಾತ್ರ ದಿನದಿಂದ ದಿನಕ್ಕೆ ಬೆಳೆಯುತ್ತದೆ, ಗಳಿಸಿದ ಹೆಸರು ಜೊತೆಯಲ್ಲಿಯೇ ಉಳಿಯುತ್ತದೆ.

ಹೊಸ ಆಟದ ಮೊದಲ ಸೊಗಸು ಅದರ ಅಪರಿಚಿತತೆಯಲ್ಲಿದೆ. ‘ಎವರ್‌ಕ್ವೆಸ್ಟ್’ ಹೊರಬಂದಾಗ ಅದರೊಳಗೆ ಭೂಪಟವೇ ಇರಲಿಲ್ಲ. ರಾತ್ರಿಯಾದರೆ ಮನುಷ್ಯ ಪಾತ್ರಗಳಿಗೆ ದಾರಿ ಕಾಣುತ್ತಿರಲಿಲ್ಲ; ಪಾತ್ರ ಸತ್ತರೆ ಒಡವೆಗಳೆಲ್ಲ ಬಿದ್ದ ಸ್ಥಳದಲ್ಲಿಯೇ ಉಳಿದು, ಅಲ್ಲಿಗೆ ಮರಳಿ ಹೋಗಿ ತರಬೇಕಾಗುತ್ತಿತ್ತು. ಇಷ್ಟೆಲ್ಲ ಕಷ್ಟವಿದ್ದುದರಿಂದಲೇ ಒಬ್ಬರು ಮತ್ತೊಬ್ಬರನ್ನು ದಾರಿ ಕೇಳಿದರು, ಜೊತೆ ಬರುವಂತೆ ಬೇಡಿದರು, ಗುರುತಿಲ್ಲದವರು ಗೆಳೆಯರಾದರು. ಎಲ್ಲರೂ ಅರಿಯದವರಾಗಿರುವ ಕಾಲದಲ್ಲಿ ಯಾರಿಗೂ ಯಾರ ಮುಂದೆಯೂ ನಾಚಿಕೆಯಿರುವುದಿಲ್ಲ. ೨೦೧೯ರಲ್ಲಿ ‘ವಾರ್‌ಕ್ರಾಫ್ಟ್’ನ ಹಳೆಯ ರೂಪವನ್ನು ಮತ್ತೆ ತೆರೆದಾಗ ಜನ ಗಂಟೆಗಟ್ಟಲೆ ಸರತಿಯಲ್ಲಿ ಕಾದು ಒಳಹೊಕ್ಕರು. ಆದರೆ ಹದಿನೈದು ವರ್ಷಗಳಲ್ಲಿ ದಾರಿಗಳೆಲ್ಲ ತಿಳಿದುಹೋಗಿದ್ದವು. ಹಿಂದೆ ಜಯಿಸಲು ತಿಂಗಳುಗಳೇ ಹಿಡಿದಿದ್ದ ಅದೇ ಬೆಂಕಿಯ ಗುಹೆಯನ್ನು ನುರಿತವರ ತಂಡವೊಂದು ಈ ಸಲ ವಾರದೊಳಗೆ ಜಯಿಸಿತು. ಲೋಕ ಹಳೆಯದಾಗಿಯೇ ಬಂದಿತ್ತು. ಅರಿಯದಿರುವ ಸುಖ ಮಾತ್ರ ಮರಳಿ ಬರಲಿಲ್ಲ. ಮೊದಲ ತಾಲೀಮಿನಲ್ಲಿ ಕಂದಪದ್ಯದ ಧಾಟಿ ತಪ್ಪಿ ಎಲ್ಲರೂ ನಕ್ಕ ರಾತ್ರಿ ಮತ್ತೊಮ್ಮೆ ದೊರೆಯದಿರುವಂತೆಯೇ ಇದು.

ಅಪರಿಚಿತತೆ ಕೆಲವು ತಿಂಗಳುಗಳಲ್ಲಿ ಕರಗುವ ವಸ್ತು. ಅದು ಕರಗಿದ ಮೇಲೂ ಆಟವನ್ನು ಕಾಯುವುದು ಪರಸ್ಪರ ಅವಲಂಬನೆ. ಈ ಆಟಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕೆಲಸಗಳುಂಟು. ಪೆಟ್ಟುಗಳನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಳ್ಳುವವನು ಒಬ್ಬ, ಗಾಯಗಳನ್ನು ಮಾಯಿಸುವವನು ಇನ್ನೊಬ್ಬ, ಶತ್ರುವನ್ನು ಹೊಡೆಯುವವರು ಉಳಿದವರು. ಒಬ್ಬನು ಎಚ್ಚರ ತಪ್ಪಿದರೆ ತಂಡವೆಲ್ಲ ಬೀಳುತ್ತದೆ. ಗಾಯ ಮಾಯಿಸುವವನಿಗೆ ಶತ್ರುವನ್ನು ಕೊಂದ ಕೀರ್ತಿಯಿಲ್ಲ. ಆದರೂ ಅವನಿಲ್ಲದೆ ತಂಡ ಹೊರಡುವುದಿಲ್ಲ. ‘ಕುರುಕ್ಷೇತ್ರ’ದಲ್ಲಿ ಚಪ್ಪಾಳೆ ಕೃಷ್ಣನಿಗೂ ದುರ್ಯೋಧನನಿಗೂ ಸಲ್ಲಬಹುದು, ಹಾರ್ಮೋನಿಯಂ ನಿಂತರೆ ಇಬ್ಬರೂ ಮೂಕರೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಹೊಸಬರನ್ನು ಬರಮಾಡಿಕೊಳ್ಳುವ ರೀತಿಯಲ್ಲಿಯೂ ಆಟದ ಯೋಗ್ಯತೆ ತಿಳಿಯುತ್ತದೆ. ‘ಫೈನಲ್ ಫ್ಯಾಂಟಸಿ’ ಮಾಲೆಯ ಹದಿನಾಲ್ಕನೆಯ ಆಟ ೨೦೧೦ರಲ್ಲಿ ಜಪಾನಿನಿಂದ ಹೊರಬಂದಾಗ ಜನ ಅದನ್ನು ಮೆಚ್ಚಲಿಲ್ಲ. ತಯಾರಕರು ತಪ್ಪನ್ನು ಒಪ್ಪಿಕೊಂಡು, ೨೦೧೨ರಲ್ಲಿ ಅದನ್ನು ಮುಚ್ಚಿ, ೨೦೧೩ರಲ್ಲಿ ಬುಡದಿಂದ ಕಟ್ಟಿ ಮತ್ತೆ ತಂದರು. ಅದರಲ್ಲಿ ಹೊಸದಾಗಿ ಸೇರಿದವರ ಹೆಸರಿನ ಪಕ್ಕದಲ್ಲಿ ಎಳೆಯ ಮೊಳಕೆಯ ಗುರುತೊಂದು ಕಾಣುತ್ತದೆ. ಮೊದಲ ಸಲ ಬಂದವರೊಂದಿಗೆ ಹಳೆಯ ಗುಹೆಯನ್ನು ಮತ್ತೆ ಹೊಕ್ಕು ಗೆದ್ದ ಅನುಭವಿಗಳಿಗೆ ಹೆಚ್ಚಿನ ಬಹುಮಾನ ಸಿಗುತ್ತದೆ. ತೆಂಗಿನ ಸಸಿಗೆ ನೆರಳು ಕಟ್ಟಿ ನೀರೆರೆಯುವುದನ್ನು ಬಲ್ಲ ಸೀಮೆಯವರಿಗೆ ಈ ಏರ್ಪಾಡಿನ ವಿವೇಕವನ್ನು ವಿವರಿಸಬೇಕಾದುದಿಲ್ಲ.

ಮೂರನೆಯದು ಗಳಿಕೆಯ ಬೆಲೆ. ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಒಂದು ವಾರದಲ್ಲಿ ಆದುದಲ್ಲ. ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕುಳಿತು, ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದರೆ ಗಿಟುಕು ಸದ್ದು ಮಾಡುವವರೆಗೆ ಕಾಯಬೇಕು. ಅವಸರಪಟ್ಟು ಒಡೆದರೆ ಕೈಗೆ ಬರುವುದು ಕೊಬ್ಬರಿಯಲ್ಲ. ಆಟದೊಳಗಿನ ಕತ್ತಿ ಕವಚಗಳಿಗೂ ಬೆಲೆ ಬರುವುದು ಅವುಗಳ ಹಿಂದಿರುವ ಕಾಲದಿಂದ ಮತ್ತು ಒಡನಾಟದಿಂದ. ೨೦೧೨ರಲ್ಲಿ ಬಂದ ‘ಡಯಾಬ್ಲೋ’ ಮಾಲೆಯ ಮೂರನೆಯ ಆಟದಲ್ಲಿ ಆಯುಧಗಳನ್ನು ನಿಜವಾದ ಹಣಕ್ಕೆ ಕೊಂಡು ಮಾರುವ ಹರಾಜುಕಟ್ಟೆಯನ್ನು ತೆರೆಯಲಾಯಿತು. ರಾಕ್ಷಸರನ್ನು ಗೆದ್ದು ಪಡೆಯಬೇಕಾದುದನ್ನು ಅಂಗಡಿಯಲ್ಲಿ ಪಡೆಯುವಂತಾದಾಗ ಗೆಲ್ಲುವುದಕ್ಕೇ ಅರ್ಥವಿಲ್ಲವಾಯಿತು. ತಯಾರಕರೇ ಇದನ್ನು ಮನಗಂಡು ೨೦೧೪ರ ಮಾರ್ಚ್ ತಿಂಗಳಿನಲ್ಲಿ ಆ ಕಟ್ಟೆಯನ್ನು ಮುಚ್ಚಿದರು. ವಂತಿಗೆ ಕೊಟ್ಟು ದುರ್ಯೋಧನನ ಪಾತ್ರವನ್ನು ಪಡೆಯಬಹುದು. ದುರ್ಯೋಧನನ ಕಂಠವನ್ನು ಪಡೆಯಲಾಗದು. ಅದಕ್ಕೆ ತಾಲೀಮೇ ಗತಿ.

ಎಲ್ಲರೂ ಒಂದೇ ಸುಖಕ್ಕಾಗಿ ಆಡುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದು ಸರಿಯಾದ ಆಕ್ಷೇಪವೇ. ಮೇಲೆ ಹೇಳಿದ ಬಾರ್ಟಲ್ ಅವರು ೧೯೯೬ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆಯನ್ನು ಬಯಸುವವರು, ಹೊಸದನ್ನು ಹುಡುಕುವವರು, ಜನಸಂಗವನ್ನು ಬಯಸುವವರು, ಇತರರನ್ನು ಕೆಡವಿ ಹಿಗ್ಗುವವರು. ಊರಿನ ನಾಟಕದಲ್ಲಿಯೂ ಕಿರೀಟಕ್ಕಾಗಿ ಬರುವವರು, ಹಾಡಿಗಾಗಿ ಬರುವವರು, ಗೆಳೆತನಕ್ಕಾಗಿ ಬರುವವರು, ಪಕ್ಕದವನ ಮೇಲೆ ಗೆಲ್ಲಲು ಬರುವವರು ಇದ್ದೇ ಇರುತ್ತಾರೆ. ನಾಲ್ಕನೆಯವರಿಗೆ ಕಡಿವಾಣವಿಲ್ಲದಿದ್ದರೆ ಉಳಿದ ಮೂವರೂ ಜಾಗ ಖಾಲಿ ಮಾಡುತ್ತಾರೆ. ‘ಅಲ್ಟಿಮಾ’ದ ರಚನಕಾರರು ಹುಲ್ಲು, ಹುಲ್ಲು ಮೇಯುವ ಮೃಗ, ಅದನ್ನು ತಿನ್ನುವ ತೋಳ ಎಂಬ ಪ್ರಕೃತಿಯ ಸರಪಳಿಯನ್ನೇ ಆಟದೊಳಗೆ ಕಲ್ಪಿಸಿದ್ದರು. ಆಟಗಾರರು ಒಳಹೊಕ್ಕೊಡನೆ ಕಂಡ ಕಂಡ ಪ್ರಾಣಿಗಳನ್ನೆಲ್ಲ ಕೊಂದುಹಾಕಿದ್ದರಿಂದ ಆ ಯೋಜನೆಯನ್ನೇ ಕೈಬಿಡಬೇಕಾಯಿತು. ದಾರಿಹೋಕರನ್ನು ಕೊಲ್ಲುವ ಹಾವಳಿ ಮಿತಿಮೀರಲು, ೨೦೦೦ದಲ್ಲಿ ಆ ಲೋಕವನ್ನು ಇಬ್ಭಾಗ ಮಾಡಿ, ಒಂದರಲ್ಲಿ ಇತರರ ಸಮ್ಮತಿಯಿಲ್ಲದೆ ಅವರನ್ನು ಕೊಲ್ಲಲಾಗದಂತೆ ಕಟ್ಟುಮಾಡಿದರು. ಕಲ್ಪಿತ ಲೋಕಕ್ಕೂ ಊರಿನ ಕಟ್ಟಳೆ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಬಯಲಾಟಕ್ಕೂ ಯಂತ್ರದಾಟಕ್ಕೂ ಒಂದು ಮಹತ್ತರವಾದ ಅಂತರವಿದೆ. ಬಯಲಾಟಕ್ಕೆ ಮಂಗಳವುಂಟು. ಬೆಳಕು ಹರಿದೊಡನೆ ಬಣ್ಣ ತೊಳೆದು, ಕಿರೀಟ ಕಳಚಿ, ಧರ್ಮರಾಯನೂ ದುಶ್ಶಾಸನನೂ ಒಂದೇ ದಾರಿಯಲ್ಲಿ ಮನೆಗೆ ಹೋಗುತ್ತಾರೆ. ಯಂತ್ರದಾಟಕ್ಕೆ ಮಂಗಳವಿಲ್ಲ. ಯಾವ ಹೊಣೆಗಾರಿಕೆ ಅದರ ಹಿರಿಮೆಯೋ ಅದೇ ಅದರ ಪಾಶವೂ ಆಗಬಲ್ಲದು. ‘ತಂಡ ಕಾದಿದೆ’ ಎಂಬ ಕರೆ ಪರೀಕ್ಷೆಯ ಹಿಂದಿನ ರಾತ್ರಿಯೂ ಬರುತ್ತದೆ. ದಿನವೂ ಬಂದವರಿಗೆ ಮಾತ್ರ ಬಹುಮಾನ ಎಂಬ ಆಮಿಷವನ್ನು ಕೆಲವು ತಯಾರಕರು ತಿಳಿದೇ ಒಡ್ಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ವ್ಯಸನಗಳ ಚಿಕಿತ್ಸೆಗಾಗಿ ೨೦೧೪ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆಟದ ವ್ಯಸನವನ್ನು ೨೦೧೯ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಸೇರಿಸಿತು. ಇದಕ್ಕೆ ತಯಾರಕರ ಕಡೆಯಿಂದಲೇ ಒಂದು ಒಳ್ಳೆಯ ಉಪಾಯವೂ ದೊರೆತಿದೆ. ‘ವಾರ್‌ಕ್ರಾಫ್ಟ್’ನಲ್ಲಿ ಆಟವನ್ನು ನಿಲ್ಲಿಸಿ ಛತ್ರದಲ್ಲಿ ವಿಶ್ರಮಿಸಿದ ಪಾತ್ರ ಮರಳಿ ಬಂದಾಗ ಕೆಲಕಾಲ ಇಮ್ಮಡಿ ಅನುಭವವನ್ನು ಗಳಿಸುತ್ತದೆ. ನಿಲ್ಲಿಸಿದವನಿಗೆ ನಷ್ಟವಾಗದಂತೆ ನೋಡಿಕೊಳ್ಳುವ ಆಟ ಆಟಗಾರನ ಹಿತವನ್ನು ಬಯಸುವ ಆಟವೆಂದು ತಿಳಿಯಬಹುದು.

೨೦೨೫ರ ಆಗಸ್ಟ್ ತಿಂಗಳಿನಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಪಣವಿಟ್ಟು ಆಡುವ ಅಂತರಜಾಲದ ಆಟಗಳನ್ನು ನಿಷೇಧಿಸಿ, ಇತರ ಆಟಗಳನ್ನು ಬೇರೆಯಾಗಿ ಪರಿಗಣಿಸಿತು. ಜೂಜಿಗೂ ಆಟಕ್ಕೂ ಗೆರೆ ಎಳೆದುದು ಯುಕ್ತವೇ. ಆದರೆ ಕಾಯಿದೆ ಕೆಟ್ಟುದನ್ನು ತಡೆಯಬಲ್ಲದೇ ಹೊರತು, ಉಳಿದುದರಲ್ಲಿ ಒಳ್ಳೆಯದನ್ನು ಆರಿಸಿ ಕೊಡಲಾರದು. ಆ ಕೆಲಸ ಮನೆಯದು ಮತ್ತು ಶಾಲೆಯದು.

ನಾರ್ವೆ ದೇಶದಲ್ಲಿ ಸ್ನಾಯುಕ್ಷಯದಿಂದ ನಡೆಯಲಾಗದಿದ್ದ ಯುವಕನೊಬ್ಬ ೨೦೧೪ರಲ್ಲಿ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನು ಸ್ನೇಹಿತರಿಲ್ಲದೆ ಬಾಳಿ ಹೋದನೆಂದು ತಂದೆತಾಯಿಗಳು ಕೊರಗಿದರು. ಅವನ ಮರಣವಾರ್ತೆಯನ್ನು ಅಂತರಜಾಲದಲ್ಲಿ ತಿಳಿಸಿದಾಗ, ಅವನೊಡನೆ ‘ವಾರ್‌ಕ್ರಾಫ್ಟ್’ ಆಡಿದವರ ಪತ್ರಗಳು ಹಲವು ದೇಶಗಳಿಂದ ಬಂದವು; ಕೆಲವರು ಅಂತ್ಯಸಂಸ್ಕಾರಕ್ಕೂ ಬಂದರು. ಅವನು ಅವರ ದುಃಖಗಳನ್ನು ಕೇಳಿದ್ದನು, ಬುದ್ಧಿ ಹೇಳಿದ್ದನು. ೨೦೨೪ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ಈ ಕಥೆಯನ್ನು ಜಗತ್ತಿಗೆ ತಿಳಿಸಿತು. ಗಾಲಿಕುರ್ಚಿಯಲ್ಲಿ ಕುಳಿತವನಿಗೂ ಆಟ ಒಂದು ಸ್ಥಾನವನ್ನು ಕೊಟ್ಟಿತ್ತು. ಅವನಿಲ್ಲದುದನ್ನು ಜನ ಗಮನಿಸಿದರು.

ಈ ಮಾತು ಆಟದ ಬಗ್ಗೆ ಎಷ್ಟನ್ನು ಹೇಳುತ್ತದೆಯೋ ಶಾಲೆಯ ಬಗ್ಗೆಯೂ ಅಷ್ಟನ್ನೇ ಕೇಳುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತರಗತಿಗೆ ಬಾರದಿದ್ದಾಗ ಹಾಜರಿ ಪುಸ್ತಕವೊಂದೇ ಅದನ್ನು ಗಮನಿಸುವುದಾದರೆ, ಮತ್ತು ಆಟದ ತಂಡವೊಂದು ‘ನೀನೆಲ್ಲಿ’ ಎಂದು ವಿಚಾರಿಸುವುದಾದರೆ, ಅವನ ಮನಸ್ಸು ಎತ್ತ ಹರಿದೀತು ಎಂಬುದು ಸ್ಪಷ್ಟ. ಮೊಬೈಲನ್ನು ಕಸಿದುಕೊಂಡ ಕೈ ಅದರ ಬದಲಿಗೆ ಒಂದು ಪಾತ್ರವನ್ನು ಕೊಡದಿದ್ದರೆ ಆ ಶಿಸ್ತು ಅರ್ಧದ್ದು. ವಾರ್ಷಿಕೋತ್ಸವದ ನಾಟಕದಲ್ಲಿ ಕಂಠವಿದ್ದ ನಾಲ್ವರಿಗಷ್ಟೇ ಅಲ್ಲದೆ ಪರದೆ ಎಳೆಯುವವನಿಗೂ ಹೊಣೆಯಿರಬೇಕು. ಪ್ರಸಾದ ನಿಲಯದಲ್ಲಿ ಹೊಸದಾಗಿ ಸೇರಿದ ಎಳೆಯನಿಗೆ ಹಿರಿಯ ವಿದ್ಯಾರ್ಥಿಯೊಬ್ಬ ಜೊತೆಯಾಗಬೇಕು. ಬೆಂಗಳೂರಿನಲ್ಲಿ ಗಣಕತಂತ್ರದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಮಕ್ಕಳಿಗೆ ಆಡುವುದರ ಜೊತೆಗೆ ಆಟವನ್ನು ಕಟ್ಟುವುದನ್ನೂ ಕಲಿಸಬಹುದು. ದಾನಿಗಳು ಕೊಠಡಿಯೊಂದಿಗೆ ಒಂದು ರಂಗಮಂಟಪಕ್ಕೂ, ಒಂದು ಹಾರ್ಮೋನಿಯಂಗೂ ಮನಸ್ಸು ಮಾಡಬಹುದು. ಹೊಸ ಆಟಗಳು ಬರುತ್ತಲೇ ಇರುತ್ತವೆ. ಮಕ್ಕಳು ಅವುಗಳೊಳಗೆ ಹೋಗಿ, ನಲಿದು, ಬಣ್ಣ ತೊಳೆದು ಮರಳಿ ಬರಬೇಕಾದರೆ, ‘ನೀನಿಲ್ಲದೆ ಆಟ ನಿಂತಿದೆ’ ಎಂದು ಹೇಳುವ ಜನ ಮನೆಯಲ್ಲಿ, ಶಾಲೆಯಲ್ಲಿ, ಊರಿನಲ್ಲಿ ಇರಬೇಕು.