ಗಡುವು ದಾಟಿದರೆ ಅಡವಿಟ್ಟ ಒಡವೆ ಸಾಲ ಕೊಟ್ಟವರ ಪಾಲಾಗುತ್ತದೆಯೇ?

‘ವರ್ಷ ಕಳೆದರೆ ಒಡವೆ ಮರೆತುಬಿಡಿ, ಅದು ಅವರದ್ದೇ’ ಎಂಬ ಮಾತು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೊಸದೇನಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೂ ಬಿಲ್ಲಿಗಾಗಿ ಕಾಯುವ ಸೀಮೆ ಇದು. ಅಷ್ಟರಲ್ಲಿ ಶಾಲೆ ಫೀಸು, ಗೊಬ್ಬರ, ಆಳಿನ ಕೂಲಿ ಎದುರು ನಿಂತರೆ ಸರವೋ ಓಲೆಯೋ ಬ್ಯಾಂಕಿಗೆ ಇಲ್ಲವೇ ಗಿರವಿ ಅಂಗಡಿಗೆ ಹೋಗುತ್ತದೆ. ಆಮೇಲೆ ಗಡುವು ದಾಟಿತೆಂದು ಎಷ್ಟೋ ಮಂದಿ ವಿಚಾರಿಸುವುದಕ್ಕೂ ಹೋಗುವುದಿಲ್ಲ.

ನಾವು ಕಾನೂನು ತೆಗೆದು ನೋಡಿದೆವು. ಆ ಮಾತು ತಪ್ಪು.

ಅಡವಿಡುವುದೆಂದರೆ ಮಾರುವುದಲ್ಲ. ಒಡವೆ ಅವರ ವಶದಲ್ಲಿರುತ್ತದೆ, ಒಡೆತನ ನಿಮ್ಮದೇ. 1872ರ ಭಾರತೀಯ ಕರಾರು ಕಾಯ್ದೆಯ 176ನೇ ಸೆಕ್ಷನ್ ಪ್ರಕಾರ, ಸಾಲ ತೀರದಿದ್ದರೆ ಅವರು ಒಡವೆ ಮಾರಬಹುದು. ಆದರೆ ಮೊದಲು ನಿಮಗೆ ನೋಟಿಸ್ ಕೊಡಬೇಕು. 177ನೇ ಸೆಕ್ಷನ್ ಇನ್ನೂ ಮುಖ್ಯ: ಗಡುವು ಮುಗಿದಿದ್ದರೂ, ಒಡವೆ ನಿಜವಾಗಿ ಮಾರಾಟವಾಗುವ ತನಕ ಬಾಕಿ ಮತ್ತು ತಡವಾದದ್ದರಿಂದ ಬಿದ್ದ ಖರ್ಚು ಕಟ್ಟಿ ಬಿಡಿಸಿಕೊಳ್ಳಬಹುದು.

ಮಾರಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಬಡ್ಡಿ, ಖರ್ಚು ಎಲ್ಲ ಸೇರಿ ಬಾಕಿ 1,15,000 ರೂಪಾಯಿ ಇದೆ, ಹರಾಜಿನಲ್ಲಿ 1,60,000 ಬಂತು ಎಂದುಕೊಳ್ಳಿ. ಉಳಿದ 45,000 ನಿಮ್ಮದು. (ಕಡಿಮೆ ಬಂದರೆ ಕೊರತೆ ತುಂಬುವ ಹೊಣೆಯೂ ನಿಮ್ಮದೇ, ಫಾರ್ವರ್ಡ್‌ಗಳು ಇದನ್ನು ಹೇಳುವುದಿಲ್ಲ.) ಚಿನ್ನದ ದರ ಏರಿರುವಾಗ ಈ ಹಣ ಕೇಳದೆ ಬಿಡುವುದು ದೊಡ್ಡ ನಷ್ಟ.

ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕೆಂದ ನಿಯಮಗಳು ಬ್ಯಾಂಕು, ಹಣಕಾಸು ಕಂಪನಿಗಳನ್ನು ಇನ್ನಷ್ಟು ಕಟ್ಟಿಹಾಕಿವೆ. ಚಿನ್ನವನ್ನು ನಿಮ್ಮೆದುರೇ ಪರೀಕ್ಷಿಸಬೇಕು. ಹರಾಜಿನ ಕನಿಷ್ಠ ದರ ಅಂದಿನ ಬೆಲೆಯ ಶೇ 90ಕ್ಕಿಂತ ಕೆಳಗಿರಬಾರದು. ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ 85. ಮಿಕ್ಕ ಹಣವನ್ನು ಏಳು ಕೆಲಸದ ದಿನಗಳಲ್ಲಿ ಕೊಡಬೇಕು. ಸಾಲ ತೀರಿಸಿದವರಿಗೂ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಇನ್ನೊಂದು ಮಾತೂ ಓಡಾಡುತ್ತದೆ: ‘ಸರ್ಕಾರ ಹೊಸ ಕಾನೂನು ತಂದಿದೆ, ಅಡವಿನ ಸಾಲ ಕಟ್ಟಬೇಕಿಲ್ಲ’. ಇದು ಅರ್ಧಸತ್ಯ. ಕಿರು ಸಾಲದ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆ, ನೋಂದಣಿ ಹಾಗೂ ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಅದಕ್ಕೂ ಮುಂಚೆ ಕೊಟ್ಟ ಸಾಲಗಳ ಬಗ್ಗೆ ಮಾತ್ರ ಹಾಗೆ ಹೇಳಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಕಂಪನಿಗಳ ಸಾಲಕ್ಕೆ ಅದು ಅನ್ವಯಿಸುವುದಿಲ್ಲ. ನಂಬಿ ಕಂತು ನಿಲ್ಲಿಸಿದರೆ ಒಡವೆ ಹರಾಜಿಗೆ ಹೋಗುತ್ತದೆ.

ಗಿರವಿ ಅಂಗಡಿಗೆ 1961ರ ಕರ್ನಾಟಕ ಗಿರವಿದಾರರ ಕಾಯ್ದೆಯಡಿ ಪರವಾನಗಿ ಬೇಕು, ಅಡವಿಟ್ಟವರಿಗೆ ಚೀಟಿ ಕೊಡಲೇಬೇಕು. ಬಿಳಿ ಹಾಳೆಯಲ್ಲಿ ತೂಕ ಗೀಚಿ ಕೊಟ್ಟರೆ ಒಪ್ಪಬೇಡಿ. ಅಂಗಡಿಯ ಮೇಲಿನ ದೂರು ಸಹಕಾರ ಇಲಾಖೆಗೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448.